ಹತ್ತರಲ್ಲಿ ಆರು ಸೋಲಬೇಕು

ನಾನು ಸ್ಟೋರ್ ಕೀಪರ್ ಆಗಿದ್ದವನು. ಮೂವತ್ತೊಂದು ವರ್ಷ ಜನರಿಗೆ ಬೋಲ್ಟು, ನಟ್ಟು, ಪೈಪು, ರೆಕ್ಸಿನ್ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಂಡೆ. ಯಾರನ್ನೂ ಸುಮ್ಮಸುಮ್ಮನೆ ಹೊಗಳಿ ಅಭ್ಯಾಸವಿಲ್ಲ. ಹೊಗಳಿದರೆ ಮಾರನೇ ದಿನವೇ ಬಂದು ಎರಡು ಬೋಲ್ಟು ಹೆಚ್ಚಿಗೆ ಕೇಳುತ್ತಾರೆ. ಆದ್ದರಿಂದ ನಮ್ಮ ಅತ್ತಿಗೆಯ ಬಗ್ಗೆ ಬರೆಯುವಾಗಲೂ ಕಂಡಷ್ಟನ್ನೇ ಬರೆಯುತ್ತೇನೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಮನೆಗೆ ಬಂದವರು. ಆಸ್ಪತ್ರೆ ಮಂಚ, ಗಾಲಿಕುರ್ಚಿ, ಊರುಗೋಲು ತಯಾರಿಸುವ ಕಾರ್ಖಾನೆಯಲ್ಲಿ ಸೀಟು ಹೊಲಿಯುವ ಕೆಲಸಕ್ಕೆ ಸೇರಿದ್ದರು. ನನಗೆ ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನನ್ನೂ ಅಲ್ಲಿಗೇ ಎಳೆದುಕೊಂಡು ಹೋದರು. ನಾನು ಸ್ಟೋರಿನ ಕಿಟಕಿಯಿಂದ 'ಅತ್ತಿಗೆ, ದಾರ ಬಂದಿದೆ' ಎಂದು ಕೂಗುವುದನ್ನು ಕೇಳಿ ಕೇಳಿ, ಆರು ತಿಂಗಳಲ್ಲಿ ಇಡೀ ಕಾರ್ಖಾನೆ ಅವರನ್ನು ಅತ್ತಿಗೆ ಎಂದೇ ಕರೆಯತೊಡಗಿತು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವನಾಗಿದ್ದ ವೆಲ್ಡರ್‌ಗೂ ಅತ್ತಿಗೆ, ಕೊನೆಗೆ ಯಜಮಾನರಿಗೂ ಅತ್ತಿಗೆ. ಬಸ್ ಕಂಡಕ್ಟರ್ ಆಗಿದ್ದ ನನ್ನ ಅಣ್ಣನಿಗೆ ಮಾತ್ರ ಇದು ಹಿಡಿಸಲಿಲ್ಲ.

"ಹಾಗಾದ್ರೆ ಆ ನೂರ ನಲವತ್ತು ಜನಕ್ಕೂ ನಾನು ಅಣ್ಣ ಆಗಬೇಕಲ್ವೇನೋ? ಒಬ್ಬನಾದ್ರೂ ಬಸ್ಸಲ್ಲಿ ಸರಿಯಾಗಿ ಚಿಲ್ಲರೆ ಕೊಡಲ್ಲ" ಎನ್ನುತ್ತಿದ್ದ.

ಅತ್ತಿಗೆ ದೊಡ್ಡ ಓದು ಓದಿದವರಲ್ಲ. ಕುಳ್ಳಗೆ, ಸ್ವಲ್ಪ ಕುಂಟುತ್ತಾ ನಡೆಯುತ್ತಿದ್ದರು. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಸುಳ್ಳು ಹೇಳಲು ಬಾರದು, ಸಮಾಧಾನ ಹೇಳಲೂ ಬಾರದು. ಅವರ ಬದುಕಿನಲ್ಲಿ ಬರೆಯುವಂಥದ್ದು ಏನಾದರೂ ಇದ್ದರೆ ಅದು ಏಳನೇ ಮೇಜು.

ಅದು ಶುರುವಾದದ್ದು ಹೀಗೆ. ನಮ್ಮ ಹಳೆಯ ಯಜಮಾನರಿಗೆ ಹೊಸದೇನಾದರೂ ಮಾಡಬೇಕೆಂಬ ಹುಚ್ಚು. ಯಾವುದೋ ಸಭೆಗೆ ಹೋಗಿ ಬಂದು ಕ್ಯಾಂಟೀನಿನ ಬಾಗಿಲ ಪಕ್ಕ ಒಂದು ಸಲಹೆ ಪೆಟ್ಟಿಗೆ ಹಾಕಿಸಿದರು. ವರ್ಷದ ಕೊನೆಗೆ ಎಲ್ಲರ ಎದುರು ಅದರ ಬೀಗ ತೆಗೆದರು. ಒಳಗೆ ಮೂರು ಬಸ್ ಟಿಕೆಟ್ಟು, ಶೌಚಾಲಯದ ನಲ್ಲಿ ಸೋರುತ್ತಿದೆ ಎಂಬ ದೂರು, ನಾನು ಜಿಪುಣ ಎಂಬ ಇನ್ನೊಂದು ದೂರು, ಕಡೆಯಲ್ಲಿ ಒಂದು ಚೀಟಿ. ಅದರಲ್ಲಿ 'ಈ ಪೆಟ್ಟಿಗೆಗೆ ಬೀಗ ಯಾಕೆ?' ಎಂದಷ್ಟೇ ಬರೆದಿತ್ತು.

ಯಜಮಾನರು ಯಾರು ಬರೆದದ್ದು ಎಂದು ಕೇಳಿದರು. ಅತ್ತಿಗೆ ಎದ್ದು ನಿಂತರು. ನಾನು ಹಿಂದಿನ ಸಾಲಿಗೆ ಸರಿದೆ, ಯಾಕೆಂದರೆ ಅವರಿಂದಲೇ ನನಗೂ ಕೆಲಸ ಸಿಕ್ಕಿತ್ತು.

"ಚೀಟಿ ಹಾಕಿದ್ಮೇಲೆ ಅದು ಏನಾಯ್ತು ಅಂತ ಹಾಕಿದವರಿಗೆ ಗೊತ್ತಾಗಲ್ಲ ಸಾರ್" ಎಂದರು ಅತ್ತಿಗೆ. "ಮತ್ತೆ ಯೋಚನೆ ಅನ್ನೋದು ಚೀಟಿ ಹಾಕಿದ್ರೆ ಆಗಲ್ಲ. ಕೈಯಲ್ಲಿ ಮಾಡಿ ನೋಡಬೇಕು. ಮಾಡೋಕೆ ಜಾಗ ಎಲ್ಲಿದೆ, ಹೊತ್ತೆಲ್ಲಿದೆ? ಒಂದು ತುಂಡು ಪೈಪು ಕೇಳಿದ್ರೆ ನಮ್ಮ ಮೈದುನ ಮುಖ ಗಂಟು ಹಾಕ್ತಾನೆ."

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ಮರುವಾರವೇ ಜೋಡಣೆ ವಿಭಾಗದ ಮೂಲೆಯಲ್ಲಿದ್ದ ಏಳನೇ ಮೇಜನ್ನು ಖಾಲಿ ಮಾಡಿಸಿ ಅತ್ತಿಗೆಗೆ ಒಪ್ಪಿಸಿದರು. ಇಬ್ಬರೂ ಕೂತು ಅದಕ್ಕೊಂದು ಕ್ರಮ ಮಾಡಿದರು. ಪ್ರತಿ ಗುರುವಾರ ಊಟವಾದ ಮೇಲೆ ಎರಡು ಗಂಟೆ ಮೇಜಿನ ಹೊತ್ತು. ಬುದ್ಧಿವಂತರೇ ಬರಬೇಕೆಂದಿಲ್ಲ, ವಿಭಾಗಕ್ಕೊಬ್ಬರಂತೆ ಸರದಿ ಪ್ರಕಾರ ಬರಬೇಕು. ಬಂದವರು ಮೊದಲು ಅರ್ಧ ದಿನ ಗಾಲಿಕುರ್ಚಿಯಲ್ಲೇ ಕೂತು ಕಾರ್ಖಾನೆಯಲ್ಲೆಲ್ಲ ಓಡಾಡಬೇಕು, ಊಟಕ್ಕೂ ಅದರಲ್ಲೇ ಹೋಗಬೇಕು. ಆಮೇಲೆ ಒಂದು ಕಾರ್ಡು ಬರೆಯಬೇಕು. ಯಾರಿಗೆ ಏನು ತೊಂದರೆ, ನಾವು ಏನು ಬದಲಿಸಿ ನೋಡುತ್ತೇವೆ, ಸರಿಯಾಯಿತೆಂದು ಹೇಗೆ ಗೊತ್ತಾಗುತ್ತದೆ, ಯಾವತ್ತು ನಿಲ್ಲಿಸುತ್ತೇವೆ. ಆರು ವಾರಕ್ಕಿಂತ ಹೆಚ್ಚು ಯಾವುದನ್ನೂ ಎಳೆಯುವಂತಿಲ್ಲ. ಗೆದ್ದ ಕಾರ್ಡು ಕಚೇರಿಗೆ, ಸೋತ ಕಾರ್ಡು ಮೇಜಿನ ಹಿಂದಿನ ಗೋಡೆಗೆ, ಯಾಕೆ ಸೋತಿತೆಂಬ ಎರಡು ಸಾಲಿನ ಜೊತೆ.

ಇನ್ನೊಂದು ನಿಯಮವನ್ನು ಯಜಮಾನರೇ ಸೇರಿಸಿದರು. ಹತ್ತರಲ್ಲಿ ಆರು ಸೋಲಬೇಕು. ನನಗಂತೂ ಇದು ತಲೆತಿರುಕತನ ಅನಿಸಿತು. ಆರಕ್ಕಿಂತ ಕಡಿಮೆ ಸೋತರೆ ನಾವು ಮೊದಲೇ ಗೊತ್ತಿದ್ದದ್ದನ್ನೇ ಮಾಡಿ ನೋಡುತ್ತಿದ್ದೇವೆ ಎಂದು ಅವರ ವಾದ. ಅವರ ಕಾರ್ಖಾನೆ, ಅವರ ಪೈಪು. ನಾನು ಎಣಿಸಿ ಕೊಟ್ಟೆ.

ಹನ್ನೊಂದು ವರ್ಷ ಇದು ನಡೆಯಿತು. ಆ ಮೇಜಿನವರು ಸ್ಟೋರಿಗೆ ಬಂದು ಕೇಳುತ್ತಿದ್ದ ಸಾಮಾನುಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಸೈಕಲ್ ಬೆಲ್ಲು, ಮೀನು ಹಿಡಿಯುವ ದಾರ, ಬ್ರೆಡ್ ಬೇಯಿಸುವ ತಗಡಿನ ಡಬ್ಬ, ಒಮ್ಮೆ ನಾಲ್ಕು ಜೊತೆ ಮಕ್ಕಳ ಶೂ. ನಾನು ಗೊಣಗುತ್ತಾ ತರಿಸಿಕೊಡುತ್ತಿದ್ದೆ. ಗೋಡೆ ಕಾರ್ಡುಗಳಿಂದ ತುಂಬಿತು. ಅದರ ಮಧ್ಯೆ ಕೆಲವು ಗೆದ್ದವು. ರೋಗಿಯನ್ನು ಎತ್ತದೆಯೇ ಮಂಚಕ್ಕೆ ಪಕ್ಕದಿಂದ ಸರಿಸಲು ಬರುವಂಥ, ಕೈಯಿಡುವ ಭಾಗವನ್ನು ಕಳಚಬಹುದಾದ ಕುರ್ಚಿ ಹೊರಬಂದದ್ದು ಆ ಮೇಜಿನಿಂದಲೇ. ಅದನ್ನು ಬರೆದವನು ಗೇಟಿನ ಕಾವಲುಗಾರ. ಏಳು ಸಲ ಸೋತು ಎಂಟನೇ ಸಲಕ್ಕೆ ಆಯಿತು. ಈಗ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವುದು ಅದೇ ಕುರ್ಚಿ.

ಆಮೇಲೆ ಯಜಮಾನರಿಗೆ ವಯಸ್ಸಾಯಿತು, ಮನೆಯಲ್ಲಿ ಉಳಿದರು. ಹೊಸ ಮ್ಯಾನೇಜರ್ ಬಂದರು. ಅವರನ್ನು ಕೆಟ್ಟವರೆಂದರೆ ನನ್ನ ನಾಲಿಗೆ ಸೇದಿಹೋದೀತು. ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಸೋರುವ ನಲ್ಲಿಯನ್ನು ಮೊದಲ ವಾರದಲ್ಲೇ ರಿಪೇರಿ ಮಾಡಿಸಿದರು. ಆದರೆ ಗೋಡೆಯ ಮೇಲಿನ ಸೋತ ಕಾರ್ಡುಗಳನ್ನು ನೋಡಿ ಅವರಿಗೆ ತಲೆಬಿಸಿಯಾಯಿತು.

"ಅತ್ತಿಗೆ, ಹತ್ತು ಮಾಡಿ ಆರು ಹಾಳಾಗೋದನ್ನ ನಾನು ಮೇಲಿನವರಿಗೆ ಹೇಗೆ ಹೇಳ್ಲಿ? ಒಂದು ವರ್ಷ ನೋಡೋಣ. ಹತ್ತಕ್ಕೆ ಏಳಾದ್ರೂ ಗೆಲ್ಲಬೇಕು. ಇಲ್ದಿದ್ರೆ ಆ ಜಾಗ ಪ್ಯಾಕಿಂಗ್‌ನವರಿಗೆ ಕೊಡ್ತೀನಿ, ಅವರಿಗೆ ಕಾಲಿಡೋಕೆ ಜಾಗ ಇಲ್ಲ."

ಅವತ್ತು ಸಂಜೆ ಮನೆಗೆ ಬಂದ ಅತ್ತಿಗೆ ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಅಣ್ಣ ಏನಾಯಿತೆಂದು ಕೇಳಿದ.

"ಮೇಜು ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡೇ. ಸಂಬಳ ಹೋಗಲ್ವಲ್ಲ."

"ಸಂಬಳದ ಮಾತಲ್ಲ ಇದು. ಹೊಲಿಯೋ ಕೆಲಸ ನನಗೆ ಹೊಟ್ಟೆಪಾಡು. ಆ ಮೇಜು ಒಂದೇ ನನ್ನದು ಅಂತ ಇರೋದು" ಎಂದರು.

ಮೇಜನ್ನು ಉಳಿಸಿಕೊಳ್ಳಬೇಕೆಂದು ಅವರು ಆಗ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು, ಯಾಕೆಂದರೆ ಸಾಮಾನು ಕೊಡುವವನು ನಾನು. ಮೀನಿನ ದಾರ, ಬೆಲ್ಲು, ಡಬ್ಬ ಕೇಳುವುದು ನಿಂತುಹೋಯಿತು. ಬದಲಿಗೆ ಸ್ಟಿಕ್ಕರು, ಬಣ್ಣದ ಸ್ಕ್ರೂ, ಅರ್ಧ ಇಂಚು ಉದ್ದದ ಪಟ್ಟಿ. ಬೆಲೆಚೀಟಿ ಬಲಗಡೆ ಅಂಟಿಸುವ ಬದಲು ಎಡಗಡೆ ಅಂಟಿಸಿದರು, ಗೆದ್ದಿತು. ಊರುಗೋಲಿನ ತುದಿಯ ರಬ್ಬರು ಕಪ್ಪಗಿದ್ದದ್ದು ಬೂದುಬಣ್ಣವಾಯಿತು, ಅದೂ ಗೆದ್ದಿತು. ಸೋಲುವ ಗಂಡಾಂತರವಿದ್ದ ಕಾರ್ಡು ಬಂದರೆ ಅತ್ತಿಗೆ ಮೆತ್ತಗೆ ಬೇಡವೆನ್ನುತ್ತಿದ್ದರು.

ಪೇಂಟಿಂಗ್ ವಿಭಾಗದವನ ಕಾರ್ಡಿಗೂ ಅದೇ ಆಯಿತು. ಅವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಹತ್ತು ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ ಮಾತೆಂದರೆ 'ಬ್ರಷ್' ಮತ್ತು 'ಥಿನ್ನರ್'. ಅವನ ತಾಯಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ನಮ್ಮದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಗಾಲಿಕುರ್ಚಿಗೆ ಎರಡು ಬ್ರೇಕು, ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. ಒಂದೇ ಕೈ ಇರುವವರು ಒಂದನ್ನು ಹಾಕಿ, ಇನ್ನೊಂದಕ್ಕೆ ಮೈಯನ್ನು ಪೂರ್ತಿ ಹೊರಳಿಸಿ ಬಗ್ಗಬೇಕು. ಹನ್ನೊಂದು ವರ್ಷ ಅಷ್ಟು ಜನ ಅರ್ಧರ್ಧ ದಿನ ಆ ಕುರ್ಚಿಯಲ್ಲಿ ಓಡಾಡಿದ್ದೆವಲ್ಲ, ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಾವೆಲ್ಲ ಎರಡೂ ಕೈ ಇಟ್ಟುಕೊಂಡೇ ಕೂತಿದ್ದೆವು.

ಒಂದೇ ಲಿವರಿನಿಂದ ಎರಡೂ ಚಕ್ರ ನಿಲ್ಲಿಸಬೇಕೆಂದು ಮೌನಿ ಬರೆದಿದ್ದ. ಅತ್ತಿಗೆ ಅದನ್ನು ಎರಡು ಸಲ ಓದಿದರು. ನಾನು ಆಗ ಅಲ್ಲೇ ಸ್ಕ್ರೂ ಎಣಿಸುತ್ತಿದ್ದೆ.

"ಒಳ್ಳೇದಿದೆ. ಆದ್ರೆ ಇದು ಒಂದೇ ಸಲಕ್ಕೆ ಆಗೋದಲ್ಲಪ್ಪ. ನಾಲ್ಕೈದು ಸಲ ಸೋಲುತ್ತೆ. ಈ ವರ್ಷ ಬೇಡ. ಮೇಜು ಉಳೀಲಿ, ಬರೋ ವರ್ಷ ಮೊದಲು ನಿಂದೇ ತಗೋತೀನಿ."

ಅವನು ತಲೆಯಾಡಿಸಿ ಹೋದ. ಅತ್ತಿಗೆ ಆ ಕಾರ್ಡನ್ನು ಹರಿಯಲಿಲ್ಲ, ಗೋಡೆಗೂ ಹಾಕಲಿಲ್ಲ. ಊಟದ ಚೀಲದ ಒಳಜೇಬಿಗೆ ತುರುಕಿಕೊಂಡರು. ನಾನು ಕಂಡೂ ಕಾಣದಂತಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ, ನನಗೂ ಮೇಜು ಉಳಿಯಬೇಕಿತ್ತು ಎನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಮೀನಿನ ದಾರ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವುದು ತಪ್ಪಿತಲ್ಲ ಎಂದು ನನಗೆ ಹಾಯೆನಿಸಿತ್ತು.

ವರ್ಷದ ಕೊನೆಗೆ ಲೆಕ್ಕ ತೆಗೆದಾಗ ಹತ್ತಕ್ಕೆ ಒಂಬತ್ತು ಗೆದ್ದಿದ್ದವು. ಮ್ಯಾನೇಜರ್ ಖುಷಿಯಾಗಿ ಅತ್ತಿಗೆಗೆ ಒಂದು ಹಿತ್ತಾಳೆ ಫಲಕ ಕೊಟ್ಟು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಮೇಜು ಉಳಿಯಿತು. ಅತ್ತಿಗೆ ಫಲಕವನ್ನು ಮನೆಗೆ ತಂದು ಬಟ್ಟೆ ಬೀರುವಿನ ಮೇಲಿಟ್ಟರು. ಅಣ್ಣ ಅದರ ಹಿಂಬದಿ ತಿರುಗಿಸಿ ನೋಡಿ, "ಇದರಲ್ಲಿ ಮುಖ ಚೆನ್ನಾಗಿ ಕಾಣುತ್ತೆ, ಗಡ್ಡ ಹೆರೆಯೋಕೆ ಆಗುತ್ತೆ" ಎಂದ. ಅವರು ನಗಲಿಲ್ಲ.

ಅದಾಗಿ ಮೂರು ವಾರಕ್ಕೆ ಮೌನಿ ಕೆಲಸಕ್ಕೆ ಬರಲಿಲ್ಲ. ನಾಲ್ಕನೇ ದಿನ ಬಂದವನು ಥಿನ್ನರ್ ಕೇಳಿದ. ಯಾಕಪ್ಪ ಬಂದಿರಲಿಲ್ಲ ಎಂದೆ.

"ಅಮ್ಮ ಬಿದ್ರು."

ಅವನ ಬಾಯಿಂದ ಒಂದೊಂದೇ ಮಾತು ಹೊರಡಿಸಿದ ಮೇಲೆ ಗೊತ್ತಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ತಾಯಿ ಎಡಗಡೆಯ ಬ್ರೇಕು ಹಾಕಿದ್ದಾರೆ. ಬಲಗಡೆಯದಕ್ಕೆ ಕೈ ಎಟುಕಿಲ್ಲ, ಇದೊಂದು ಸಾಕು ಅಂದುಕೊಂಡಿದ್ದಾರೆ. ಕಿಟಕಿ ಹಾಕಲು ಸರಳು ಹಿಡಿದು ಏಳುವಾಗ ಕುರ್ಚಿ ಒಂದೇ ಚಕ್ರದ ಮೇಲೆ ಗಿರ್ರನೆ ತಿರುಗಿದೆ. ಸೊಂಟದ ಮೂಳೆ ಮುರಿದಿದೆ. ಇನ್ನು ಎದ್ದು ನಿಲ್ಲುವ ಮಾತಿಲ್ಲವೆಂದು ಡಾಕ್ಟರ್ ಹೇಳಿದ್ದಾರೆ.

ನಾನು ಅತ್ತಿಗೆಯ ಹೊಲಿಗೆ ಯಂತ್ರದ ಹತ್ತಿರ ಹೋಗಿ ಹೇಳಿದೆ. ಯಂತ್ರ ನಿಂತಿತು. ರೆಕ್ಸಿನ್ ಸೂಜಿಗೆ ಸಿಕ್ಕಿಕೊಂಡೇ ಇತ್ತು. ಅವರು ಅದನ್ನು ಬಿಡಿಸದೆಯೇ ಎದ್ದು ಪೇಂಟಿಂಗ್ ವಿಭಾಗಕ್ಕೆ ಹೋದರು. ನಾನೂ ಹಿಂದೆಯೇ ಹೋದೆ.

"ಬಯ್ಯಪ್ಪ ನನ್ನ" ಎಂದರು.

ಮೌನಿ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿದ. "ನಿಮ್ಮನ್ನ ಬೈದು ಏನು ಮಾಡ್ಲಿ ಅತ್ತಿಗೆ? ಅಮ್ಮಂಗೆ ಕಾಲು ಬರುತ್ತಾ?" ಎಂದ. ಇನ್ನೊಂದು ಡಬ್ಬ ತೆರೆಯುತ್ತಾ, "ಇನ್ಮೇಲೆ ಮೇಜಿನ ಸರದಿಗೆ ನನ್ನ ಹೆಸರು ಹಾಕಬೇಡಿ" ಎಂದ.

ಬೈದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದರು. ಈ ಮಾತು ಅವರನ್ನು ಕುಗ್ಗಿಸಿಬಿಟ್ಟಿತು. ಆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಮೇಜು ಉಳಿಸಿದೆ ಅಂದ್ಕೊಂಡೆ ಕಣೋ. ನಾನೇ ಅದನ್ನ ಸಾಯಿಸಿದ್ದೆ. ಉಳಿದಿದ್ದು ಹಲಗೆ ಅಷ್ಟೇ" ಎಂದರು. ನಾನು ಕಿಟಕಿಯಾಚೆ ನೋಡಿದೆ. ಸಮಾಧಾನ ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದು.

ಬಂದ ಗುರುವಾರ ಊಟದ ನಂತರ ಅತ್ತಿಗೆ ಮ್ಯಾನೇಜರನ್ನು ಮೇಜಿನ ಹತ್ತಿರ ಕರೆಸಿದರು. ಇಡೀ ಜೋಡಣೆ ವಿಭಾಗ ಕೆಲಸ ಬಿಟ್ಟು ನೋಡುತ್ತಿತ್ತು. ಹಿತ್ತಾಳೆ ಫಲಕವನ್ನು ಮನೆಯಿಂದ ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಊಟದ ಚೀಲದಿಂದ ಕಾರ್ಡುಗಳನ್ನು ತೆಗೆದು ಒಂದೊಂದಾಗಿ ಜೋಡಿಸಿದರು. ಆ ವರ್ಷ ಅವರು ಬೇಡವೆಂದ ಕಾರ್ಡುಗಳು, ಹನ್ನೊಂದಿದ್ದವು. ಎಣ್ಣೆಯ ಕಲೆ ಹತ್ತಿ ಅಂಚು ಮುದುಡಿದ್ದವು. ಹನ್ನೆರಡನೆಯದನ್ನು ಅವರೇ ಬರೆದಿದ್ದರು. ಅದನ್ನು ಗಟ್ಟಿಯಾಗಿ ಓದಿದರು.

"ಯಾರಿಗೆ ತೊಂದರೆ: ಒಂದೇ ಕೈ ಇರೋರಿಗೆ. ಏನು ಬದಲಿಸಿ ನೋಡಿದೆವು: ಸೋಲೋ ಕಾರ್ಡನ್ನ ಮೊದಲೇ ತಡೆದು ನೋಡಿದೆವು. ಹೇಗೆ ಗೊತ್ತಾಯ್ತು: ಮೌನಿ ತಾಯಿ ಬಿದ್ರು. ಯಾಕೆ ಸೋತಿತು: ನಾನು ಹೆದರಿಕೊಂಡೆ."

ಮ್ಯಾನೇಜರ್ ಮುಖ ಕೆಂಪಾಯಿತು. "ಅತ್ತಿಗೆ, ಇದನ್ನ ನನ್ನ ರೂಮಲ್ಲಿ ಹೇಳಬಹುದಿತ್ತು."

"ರೂಮಲ್ಲಿ ಹೇಳಿದ್ರೆ ಗೋಡೆಗೆ ಹಾಕೋಕಾಗಲ್ಲ ಸಾರ್. ಸೋತ ಕಾರ್ಡು ಗೋಡೆಗೆ, ಅದು ನಿಯಮ. ಈಗ ನೀವು ಮೇಜು ಮುಚ್ಚೋದಾದ್ರೆ ಮುಚ್ಚಿ. ಹತ್ತಕ್ಕೆ ಏಳು ಗೆಲ್ಲೋ ಮೇಜು ಮಾತ್ರ ನನಗೆ ಬೇಡ."

ಪ್ಯಾಕಿಂಗ್ ವಿಭಾಗದವರು ಕೂಡ ಜಾಗ ಸಿಗುತ್ತದೆಂಬ ಆಸೆ ಮುಖದಲ್ಲಿ ತೋರಿಸಲಿಲ್ಲ. ಮ್ಯಾನೇಜರ್ ಹನ್ನೊಂದೂ ಕಾರ್ಡು ಓದಿದರು. ಮೌನಿಯ ಕಾರ್ಡನ್ನು ಕೈಯಲ್ಲಿ ಹಿಡಿದು, "ಒಂದು ಬ್ರೇಕ್ ಹಾಕಿದ್ರೆ ಅಷ್ಟು ತಿರುಗುತ್ತಾ?" ಎಂದು ಯಾರನ್ನೋ ಕೇಳುವಂತೆ ಕೇಳಿದರು.

ಅವರು ಬಂದಾಗಿನಿಂದ ಒಮ್ಮೆಯೂ ಆ ಅರ್ಧ ದಿನದ ಕುರ್ಚಿಯಲ್ಲಿ ಕೂತಿರಲಿಲ್ಲ. ಪುರುಸೊತ್ತಿಲ್ಲ ಎಂದು ನಾವೂ ಬಿಟ್ಟಿದ್ದೆವು. ಅತ್ತಿಗೆ ಒಂದು ಕುರ್ಚಿ ಎಳೆದು ತಂದರು. ಸೊಂಟದ ಕತ್ತರಿ ತೆಗೆದು ರೆಕ್ಸಿನ್ನಿನ ಒಂದು ಪಟ್ಟಿ ಕತ್ತರಿಸಿ, ಮ್ಯಾನೇಜರ್ ಕೂತ ಮೇಲೆ ಅವರ ಬಲಗೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಅವರು ಎಡಬ್ರೇಕು ಹಾಕಿದರು. ಬಲಗಡೆಗೆ ಹೊರಳಿದರು, ಎಟುಕಲಿಲ್ಲ. ಮೇಜಿನ ಅಂಚು ಹಿಡಿದು ಒಂದೇ ಕಾಲಿನ ಮೇಲೆ ಏಳಲು ಹೋದರು. ಕುರ್ಚಿ ಕೆಳಗಿಂದ ಜಾರಿ ತಿರುಗಿತು. ಹಳೆಯ ವೆಲ್ಡರ್ ತೋಳು ಹಿಡಿಯದಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದರು.

ಅವರು ಮತ್ತೆ ಕೂತು ಬೆವರು ಒರೆಸಿಕೊಂಡರು. ಕೈಗೆ ಕಟ್ಟಿದ ಪಟ್ಟಿ ಬಿಚ್ಚಿಕೊಳ್ಳುತ್ತಾ, "ಹತ್ತಕ್ಕೆ ಎಷ್ಟು ಸೋಲಬೇಕು ಅಂದಿದ್ರು ಹಳೇ ಯಜಮಾನರು?" ಎಂದರು.

"ಆರು."

"ಬರೆದು ಹಾಕಿ. ಮೇಲಿನವರಿಗೆ ನಾನು ಹೇಳ್ಕೋತೀನಿ."

ಅತ್ತಿಗೆ ಅವತ್ತೇ ಇನ್ನೂ ಎರಡು ನಿಯಮ ಸೇರಿಸಿದರು. ಬೇಡವೆಂದ ಕಾರ್ಡೂ ಗೋಡೆಗೆ ಹೋಗಬೇಕು, ಬೇಡವೆಂದವರ ಹೆಸರಿನ ಸಮೇತ. ಮೇಜು ನೋಡಿಕೊಳ್ಳುವವರು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಅವರ ಎರಡು ವರ್ಷ ಮುಗಿದು ಎಷ್ಟೋ ಕಾಲವಾಗಿತ್ತು. ಆ ಮೇಜೊಂದೇ ತನ್ನದು ಎಂದಿದ್ದವರು ಅದರ ಡ್ರಾಯರಿನ ಬೀಗದ ಕೈಯನ್ನು ಹಳೆಯ ವೆಲ್ಡರ್ ಕೈಗಿಟ್ಟು ಹೊಲಿಗೆ ಯಂತ್ರಕ್ಕೆ ಹೋಗಿ ಕೂತರು. ಅಷ್ಟು ವರ್ಷ ಜೊತೆಗಿದ್ದ ನನಗೆ ಆ ದಿನ ಅವರ ಮೇಲೆ ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದಿಲ್ಲ.

ಮೌನಿಯ ಕಾರ್ಡನ್ನು ವೆಲ್ಡರ್ ಮೊದಲು ಕೈಗೆತ್ತಿಕೊಂಡ. ಮೌನಿ ಬರಲಿಲ್ಲ. ಮೊದಲನೇ ಸಲ ಸೈಕಲ್ ಬ್ರೇಕಿನ ತಂತಿ ಹಾಕಿದರು, ತಂತಿ ಹಿಗ್ಗಿ ಒಂದು ಚಕ್ರ ಪೂರ್ತಿ, ಇನ್ನೊಂದು ಅರ್ಧ ನಿಂತಿತು. ಎರಡನೇ ಸಲ ಸೀಟಿನ ಕೆಳಗೆ ಕಂಬಿ ಕೊಟ್ಟರು, ಕುರ್ಚಿ ಮಡಚಲಾಗಲಿಲ್ಲ. ಮೂರನೆಯದರ ಲಿವರು ಮಂಡಿಗೆ ಬಡಿಯಿತು. ಎರಡೆರಡು ಸಾಲು ಬರೆದು ಮೂರನ್ನೂ ಗೋಡೆಗೆ ಹಾಕಿದರು. ಆ ಮೂರನೆಯದನ್ನು ಓದುತ್ತಾ ಮೌನಿ ನಿಂತಿದ್ದನ್ನು ನಾನು ನೋಡಿದೆ. ಮರುದಿನ ಸ್ಟೋರಿಗೆ ಬಂದು ಗಟ್ಟಿ ಸ್ಪ್ರಿಂಗ್ ಕೇಳಿದ. ನಾನು ಸಹಿ ಕೇಳಲಿಲ್ಲ.

ನಾಲ್ಕನೆಯದು ಹೊಸ್ತಿಲು ದಾಟುವಾಗ ತಾನಾಗಿ ಬಿಟ್ಟುಕೊಂಡಿತು. ಐದನೆಯದು ನಿಂತಿತು. ಹಗ್ಗ ಕಟ್ಟಿ ಎಳೆದೆವು, ಇಳಿಜಾರಿನಲ್ಲಿಟ್ಟು ವೆಲ್ಡರನನ್ನು ಕೂರಿಸಿದೆವು, ಕದಲಲಿಲ್ಲ. ಒಂದು ಭಾನುವಾರ ಬೆಳಗ್ಗೆ ಆ ಕುರ್ಚಿಯನ್ನು ಮೌನಿಯ ಮನೆಗೆ ತಳ್ಳಿಕೊಂಡು ಹೋದೆವು. ಅತ್ತಿಗೆ ತಾನೂ ಬರುತ್ತೇನೆಂದರು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚ, ಮಂಚದ ತಲೆದೆಸೆಗೆ ಆ ಕಿಟಕಿ. ತಾಯಿಯನ್ನು ಮೌನಿ ಎತ್ತಿ ಕುರ್ಚಿಗೆ ಕೂರಿಸಿದ. ಬಡಕಲು ಹೆಂಗಸು, ಕಣ್ಣು ಮಾತ್ರ ಚುರುಕು. ಎಡಗೈಯಿಂದ ಲಿವರು ಎಳೆದರು. ಎರಡೂ ಚಕ್ರ ಒಟ್ಟಿಗೆ ನಿಂತವು. ಕುರ್ಚಿಯನ್ನು ಅಲುಗಾಡಿಸಿ ನೋಡಿದರು.

"ಇಷ್ಟೇನಾ? ಇದನ್ನ ಮೊದಲೇ ಯಾಕೆ ಮಾಡಿರ್ಲಿಲ್ಲ?"

ಮೌನಿ ನೆಲ ನೋಡಿದ. ತಾಯಿಗೆ ಅವನು ಏನೂ ಹೇಳಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಈ ಮನೆಯಲ್ಲಿ ಅತ್ತಿಗೆ ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. ಅತ್ತಿಗೆ ಸುಮ್ಮನಿದ್ದರೂ ಆಗುತ್ತಿತ್ತು.

ಅತ್ತಿಗೆ ಕುರ್ಚಿಯ ಮುಂದೆ ನೆಲಕ್ಕೆ ಕೂತರು. "ನಿಮ್ಮ ಮಗ ಹೋದ ವರ್ಷವೇ ಬರ್ಕೊಟ್ಟಿದ್ದ ಅಮ್ಮ. ನಾನು ಬೇಡ ಅಂದೆ. ಸೋಲುತ್ತೆ, ನನ್ನ ಮೇಜು ಹೋಗುತ್ತೆ ಅಂತ ಬೇಡ ಅಂದೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ, ಹೊರಗೆ ಹೋಗಲೇ ಎಂದು ಯೋಚಿಸಿದೆ. ತಾಯಿ ಕ್ಷಮಿಸಿದೆನೆಂದೂ ಅನ್ನಲಿಲ್ಲ, ಹಾಳಾಗಿ ಹೋಗೆಂದೂ ಅನ್ನಲಿಲ್ಲ. ಲಿವರನ್ನು ಬಿಡಿಸಲು ಹೋದರು. ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದರು. ಮೌನಿ ಮುಂದೆ ಬಂದ, ಅವನನ್ನು ಕಣ್ಣಲ್ಲೇ ತಡೆದು ಮೂರನೇ ಸಲ ಎಳೆದು, ಕೈಬಿಟ್ಟು ತೊಡೆಯ ಮೇಲಿಟ್ಟುಕೊಂಡರು.

"ಬಿಗಿ ಜಾಸ್ತಿ ಆಯ್ತು" ಎಂದರು. "ಮಾಡಿದವರೆಲ್ಲ ಗಂಡಸರು ಅನ್ಸುತ್ತೆ. ನನ್ನಂಥವಳ ಕೈಗೆ ಇದು ಆಗಲ್ಲ."

ಐದನೆಯದೂ ಸೋತಿತು. ಅತ್ತಿಗೆ ಚೀಲದಿಂದ ಖಾಲಿ ಕಾರ್ಡೊಂದನ್ನು ತೆಗೆದು ತಾನು ಬರೆಯದೆ ಮೌನಿಯ ಕಡೆ ಚಾಚಿದರು. ಅವನು ತೆಗೆದುಕೊಂಡ. ಮಂಚದ ಅಂಚಿಗೆ ಕೂತು, ಜೇಬಿನಿಂದ ಪೆನ್ಸಿಲ್ ತೆಗೆದು, "ಎಲ್ಲಿ ನೋಯುತ್ತೆ ಹೇಳಮ್ಮ, ಬರ್ಕೋತೀನಿ" ಎಂದ.